ಲೆಸ್ಟರ್‌ಗೆ ಬರುವ ಮುಂಚೆ, ಮಗಳ ಫಿಸಿಯೋಥೆರಪಿ ಬಗ್ಗೆ

ತಂಗೀ, ನಿನ್ನ ಐದು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ಕಷ್ಟವಾಗುವ ಸ್ಥಿತಿ) ಇದೆ, ದಾವಣಗೆರೆಯಲ್ಲಿ ದಿನಾ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೀರಿ, ಇಂಗ್ಲೆಂಡ್‌ನ ಲೆಸ್ಟರ್‌ಗೆ ಬಂದರೆ ಅದು ತಪ್ಪಿಹೋಗುತ್ತಾ ಎಂದು ಕೇಳಿದ್ದೀಯ. ತಪ್ಪುವುದಿಲ್ಲ. ಆದರೆ ಇಲ್ಲಿ ಅದು ನಡೆಯುವ ರೀತಿಯೇ ಬೇರೆ. ನನ್ನ ಮಗನೂ ಇದೇ ಥೆರಪಿಯಲ್ಲಿ ಬೆಳೆದವನು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಇಲ್ಲಿ ದಿನಾ ಸೆಷನ್ ಇರುವುದಿಲ್ಲ. ಎನ್‌ಎಚ್‌ಎಸ್‌ನ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯ, ಕಮ್ಯೂನಿಟಿ ಫಿಸಿಯೋ ಕೆಲವು ವಾರ ನೋಡುತ್ತಾರೆ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಕಲಿಸುತ್ತಾರೆ, ಆಮೇಲೆ ಸ್ವಲ್ಪ ಕಾಲ ಬಿಡುವು ಕೊಡುತ್ತಾರೆ. ಊರಿಂದ ಬಂದವರಿಗೆ ಇದು ಕೈಬಿಟ್ಟ ಹಾಗೆ ಕಾಣುತ್ತದೆ. ಹಾಗಲ್ಲ. ಮಗು ದಿನವಿಡೀ ಹೇಗೆ ಕೂರುತ್ತದೆ, ಹೇಗೆ ನಿಲ್ಲುತ್ತದೆ ಅನ್ನುವುದು ಅವರಿಗೆ ಅರ್ಧ ಗಂಟೆಯ ಸೆಷನ್‌ಗಿಂತ ಮುಖ್ಯ. ಹಾಗಾಗಿ ಕ್ಲಿನಿಕ್‌ನಲ್ಲಷ್ಟೇ ಅಲ್ಲ, ಮನೆಗೆ ಬಂದು, ಶಾಲೆಗೆ ಹೋಗಿ ನೋಡುತ್ತಾರೆ. ಮಗುವನ್ನು ಸ್ಟ್ಯಾಂಡಿಂಗ್ ಫ್ರೇಮ್‌ನಲ್ಲಿ (ನಿಲ್ಲಲು ಆಸರೆ ಕೊಡುವ ಚೌಕಟ್ಟು) ಹೇಗೆ ನಿಲ್ಲಿಸಬೇಕು, ಸ್ಪ್ಲಿಂಟ್ (ಕೈಕಾಲಿಗೆ ಕಟ್ಟುವ ಆಸರೆ ಪಟ್ಟಿ) ಹೇಗೆ ಹಾಕಬೇಕು, ಆಟದ ಪಿರಿಯಡ್‌ನಲ್ಲಿ ಸುಮ್ನೆ ಪಕ್ಕಕ್ಕೆ ಕೂರಿಸದೆ ಹೇಗೆ ಸೇರಿಸಿಕೊಳ್ಳಬೇಕು, ಎಲ್ಲವನ್ನೂ ಶಾಲೆಯ ಟೀಚಿಂಗ್ ಅಸಿಸ್ಟೆಂಟ್‌ಗೆ ತೋರಿಸಿಕೊಡುತ್ತಾರೆ. ಬೇರೆ ಮಕ್ಕಳು ಚಿತ್ರ ಬಿಡಿಸುವಾಗ ನಿನ್ನ ಮಗಳೂ ಫ್ರೇಮ್‌ನಲ್ಲಿ ನಿಂತು ಅವರ ಜೊತೆಗೇ ಬಿಡಿಸಬಹುದು. ಇಲ್ಲಿಯ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಮನೆಯ ವ್ಯಾಯಾಮ ಮಾತ್ರ ನಿಮ್ಮದೇ ಕೆಲಸ. ಅರ್ಥವಾಗದಿದ್ದರೆ ಸಂಕೋಚ ಬೇಡ, ಮತ್ತೆ ತೋರಿಸಿ ಅನ್ನು. ವಿಡಿಯೋ ಮಾಡಿಕೊಳ್ಳಬಹುದಾ ಎಂದೂ ಕೇಳು. ನಿಮ್ಮತ್ತೆ ನೋಡಿಕೊಳ್ಳುವುದಾದರೆ ಅವರನ್ನೂ ಕರೆದುಕೊಂಡು ಹೋಗು, ದುಭಾಷಿ ಬೇಕೆಂದು ಮೊದಲೇ ಹೇಳು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಬಂದ ವಾರವೇ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯರ, ಹತ್ತಿರ ಹೆಸರು ನೋಂದಾಯಿಸಿ, ಫಿಸಿಯೋಗೆ ರೆಫರಲ್ (ಶಿಫಾರಸು ಪತ್ರ) ಕೇಳು. ಕಾಯುವುದು ತಿಂಗಳುಗಟ್ಟಲೆ ಆಗಬಹುದು, ಅದೊಂದು ನಿಜವಾದ ಕಷ್ಟ. ಆದ್ದರಿಂದ ಈಗಿನ ಥೆರಪಿಸ್ಟ್ ಹತ್ತಿರ ವರದಿ ಬರೆಸಿಕೊಂಡು ಬಾ. ಸೊಂಟದ ಎಕ್ಸ್‌ರೇ ಇದ್ದರೆ ಖಂಡಿತ ತಾ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಸೊಂಟದ ಕೀಲು ನೋವಿಲ್ಲದೆಯೇ ನಿಧಾನವಾಗಿ ಜಾರಬಹುದು. ಸಿಪಿಐಪಿ ಎಂಬ ತಪಾಸಣೆ ಕ್ರಮ 2013ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಶುರುವಾಗಿದ್ದು ಇದನ್ನು ಬೇಗ ಹಿಡಿಯಲಿಕ್ಕೇ. ಇಂಗ್ಲೆಂಡ್‌ನಲ್ಲೂ ಬಹಳ ಕಡೆ ಅದು ಬಂದಿದೆ. ನಿಮ್ಮಲ್ಲಿ ಇದೆಯಾ ಎಂದು ಮೊದಲ ಭೇಟಿಯಲ್ಲೇ ವಿಚಾರಿಸು. ಕೊಟ್ಟ ಅಪಾಯಿಂಟ್‌ಮೆಂಟ್‌ಗೆ ಹೋಗಲು ಆಗದಿದ್ದರೆ ತಪ್ಪದೆ ಫೋನ್ ಮಾಡು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯಬಹುದು.

ಶಾಲೆಯಲ್ಲಿ ಜಾಸ್ತಿ ಸಹಾಯ ಬೇಕಾದರೆ ಇಎಚ್‌ಸಿಪಿಗಾಗಿ (ಮಗುವಿಗೆ ಯಾವ ಸಹಾಯ ಸಿಗಬೇಕು ಎಂದು ಬರೆದಿಡುವ ಕಾನೂನುಬದ್ಧ ದಾಖಲೆ) ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ನೀವೇ ಬರೆಯಬಹುದು. ಕಾನೂನಿನ ಪ್ರಕಾರ 20 ವಾರದೊಳಗೆ ಮುಗಿಯಬೇಕು, ಆದರೆ ಎಷ್ಟೋ ಸಲ ತಡವಾಗುತ್ತದೆ.

ಹಣದ ವಿಷಯ. ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದರೆ ಫಿಸಿಯೋಗೆ ಬೇರೆ ಶುಲ್ಕವಿಲ್ಲ. ಅಂಗವೈಕಲ್ಯ ಇರುವ ಮಕ್ಕಳಿಗೆ ಸರ್ಕಾರ ಕೊಡುವ ಡಿಎಲ್‌ಎ ಎಂಬ ಭತ್ಯೆಗೆ ಅರ್ಜಿ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ಭತ್ಯೆಗಳನ್ನು ಪಡೆಯುವಂತಿಲ್ಲ ಎಂಬ ಷರತ್ತು) ಎಂದಿದ್ದರೆ ವಲಸೆ ಸಲಹೆಗಾರರನ್ನು ಕೇಳದೆ ಅದಕ್ಕೆ ಕೈ ಹಾಕಬೇಡ. ಶಾಲೆ, ಫಿಸಿಯೋ, ಇಎಚ್‌ಸಿಪಿ ಆ ಷರತ್ತಿನೊಳಗೆ ಬರುವುದಿಲ್ಲ, ಅವನ್ನು ಧೈರ್ಯವಾಗಿ ಕೇಳು.