ತೋಟದಲ್ಲಿ ಕೂತು ಅತ್ತರೆ ಅದು ಪ್ರಾರ್ಥನೆಯೇ?

ಕೊಡಗಿನ ಸಿದ್ದಾಪುರದ ಕಡೆಯ ಸಹೋದರಿಯೊಬ್ಬರ ಪತ್ರ ಬಂದಿದೆ. ಪತಿ ತೀರಿಕೊಂಡು ವರ್ಷ ತುಂಬುತ್ತಿದೆ. ಮನೆಯೊಳಗೆ ಜಪಸರ ಹಿಡಿದರೆ ಬಾಯಿ ಕಟ್ಟುತ್ತದೆ, ಕಾಫಿ ತೋಟದಲ್ಲಿ ಕೂತರೆ ಎದೆ ಹಗುರಾಗುತ್ತದೆ. ಆದರೆ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಇದನ್ನು ಸೃಷ್ಟಿಯ ಪೂಜೆ ಎಂದರಂತೆ. ಕೆಲವು ದಿನ ತೋಟದಿಂದ ಇನ್ನಷ್ಟು ಕುಗ್ಗಿ ಬರುವುದೂ ಉಂಟು. ಇದು ತಪ್ಪೇ? ಹೀಗೇಕಾಗುತ್ತದೆ? ಮಳೆಗಾಲದಲ್ಲಿ ಏನು ಮಾಡಲಿ? ಇವು ಅವರ ಮೂರು ಪ್ರಶ್ನೆಗಳು.

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ತಪ್ಪಲ್ಲ. ಬೈಬಲ್ಲಿನ ಸೊಲೊಮೋನನ ಜ್ಞಾನಗ್ರಂಥದ 13ನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಬೆಂಕಿಯನ್ನೋ ನಕ್ಷತ್ರಗಳನ್ನೋ ದೇವರೆಂದು ಬಗೆದವರನ್ನು ಅದು ಆಕ್ಷೇಪಿಸುತ್ತದೆ ನಿಜ. ಆದರೆ ಅವುಗಳ ಚೆಲುವಿಗೆ ಮನಸೋತದ್ದನ್ನು ತಪ್ಪೆನ್ನುವುದಿಲ್ಲ. ಆ ಚೆಲುವಿನಿಂದ ಅದರ ಕರ್ತನ ಕಡೆಗೆ ಹೋಗದೆ ಅಲ್ಲೇ ನಿಂತುಬಿಟ್ಟದ್ದನ್ನು ತಪ್ಪೆನ್ನುತ್ತದೆ. ನೀವು ತೋಟಕ್ಕೆ ಹೋಗುವುದು ಮರದೊಡನೆ ಮಾತಾಡಲು ಅಲ್ಲ, ದೇವರೊಡನೆ ಮಾತಾಡಲು ಆಗುತ್ತಿಲ್ಲವಲ್ಲ ಎಂಬ ಸಂಕಟದಿಂದ. ಯೇಸುಸ್ವಾಮಿ ಸಹ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದರೆಂದು ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ಆದರೆ ಅವರನ್ನು ಅನುಸರಿಸಿ ನೀವು ಕತ್ತಲಲ್ಲಿ ಹೊರಡಬೇಡಿ. ನಿಮ್ಮ ಕಡೆ ಆನೆ ಓಡಾಟ ಜಾಸ್ತಿ. ಚೆನ್ನಾಗಿ ಬೆಳಕು ಹರಿದ ಮೇಲೆ, ಹಿಂದಿನ ರಾತ್ರಿ ಆನೆ ಯಾವ ಕಡೆ ಇತ್ತೆಂದು ಲೈನ್ ಮನೆಗಳ ತೋಟದ ಕೆಲಸಗಾರರನ್ನು ಕೇಳಿಕೊಂಡೇ ಹೋಗಿ. ಎಲ್ಲಿ ಕೂತಿರುತ್ತೀರೆಂದು ಮನೆಯಲ್ಲಿ ಒಬ್ಬರಿಗೆ ಹೇಳಿರಿ. ಸಂಜೆ ಬೆಳಕಿರುವಾಗಲೇ ಮನೆ ಸೇರಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ನೀವು ಕೂರುವ ಜಾಗದಲ್ಲೇ ಇರಬಹುದು. ಬೆಳೆಗಾರರ ಮನೆಯವರಿಗೆ ಕಾಫಿ ತೋಟ ಬರೀ ಹಸಿರಲ್ಲ, ಕೆಲಸದ ಜಾಗ. ಗಿಡ ನೋಡಿದ ಕಣ್ಣಿಗೆ ತೆಗೆಯದ ಕಳೆ, ಆಗದ ಕಪಾತು (ಕೊಂಬೆ ಸವರುವ ಕೆಲಸ), ಕಾಯಿಕೊರಕ ಹುಳು ಬಿದ್ದ ಕಾಯಿಯೇ ಮೊದಲು ಕಾಣುತ್ತವೆ. ಅದರ ಮೇಲೆ ಪ್ರತಿ ಸಾಲಿನಲ್ಲೂ ನಿಮ್ಮವರ ಕೈಗೆಲಸ ಇದೆ. ದಣಿದ ಮನಸ್ಸಿಗೆ ಬೇಕಾದದ್ದು ಯಾವ ಕೆಲಸವನ್ನೂ ಕೇಳದ, ಆದರೂ ಕಣ್ಣನ್ನು ಮೆಲ್ಲಗೆ ಹಿಡಿದಿಡುವ ನೋಟ: ಅಲುಗುವ ಎಲೆ, ಹರಿಯುವ ನೀರು, ಸರಿಯುವ ಮೋಡ. ಅಮೆರಿಕದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಪ್ರತಿಪಾದಿಸಿದ್ದೂ ಇದನ್ನೇ. ಹಾಗಾಗಿ ಕಾಫಿ ಸಾಲಿಗೆ ಬೆನ್ನು ಹಾಕಿ, ಕೆರೆಯ ಕಡೆಗೋ ಗದ್ದೆ ಬಯಲಿನ ಕಡೆಗೋ ಮುಖ ಮಾಡಿ ಕೂರಿ. ಅದೂ ಇಲ್ಲದಿದ್ದರೆ ನೆರಳು ಮರಗಳ ತುದಿ ನೋಡಿ. ನಿಮ್ಮವರ ನೆನಪು ಅತಿ ಗಾಢವಾಗಿರುವ ಜಾಗವನ್ನು ಸದ್ಯಕ್ಕೆ ಬಿಡಿ. ಮುಂದೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗಬಹುದು.

ಎಷ್ಟು ಹೊತ್ತು? ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚಾಗಿ ಕಂಡಿತು. ಒಂದೇ ಸಲವೋ ಹಲವು ಸಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಹಸಿರೇ ಅದಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೂ ಅಳತೆಯಾಗಿ ಇಟ್ಟುಕೊಳ್ಳಬಹುದು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ಗಂಟೆಗಟ್ಟಲೆ ಒಬ್ಬರೇ ಕೂತರೆ ಮನಸ್ಸು ಅದೇ ಯೋಚನೆಯನ್ನು ಸುತ್ತತೊಡಗುತ್ತದೆ. ಕುಗ್ಗಿ ಬರುವುದಕ್ಕೆ ಇದೂ ಒಂದು ಕಾರಣ.

ಆ ಅರ್ಧ ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಸುಮ್ಮನೆ ನಡೆಯಿರಿ. ಪ್ರಾರ್ಥನೆ ಬೇಡ, ಫೋನು ಮನೆಯಲ್ಲಿರಲಿ ಅಥವಾ ಸದ್ದಡಗಿಸಿ ಜೇಬಿನಲ್ಲಿರಲಿ. ಆಮೇಲೆ ಕೂತು ದೂರದ ಸದ್ದಿನಿಂದ ಹತ್ತಿರದ ಸದ್ದಿಗೆ ಒಂದೊಂದಾಗಿ ಕಿವಿಗೊಡಿ. ಉಸಿರು ತಾನಾಗಿ ನಿಧಾನವಾಗುತ್ತದೆ. ಅದಾದ ಮೇಲಷ್ಟೇ ಒಂದು ಕೀರ್ತನೆ. ಸ್ತುತಿಯ ಕೀರ್ತನೆಯಿಂದ ಶುರುಮಾಡಬೇಡಿ. 13ನೆಯದು "ಎಷ್ಟು ಕಾಲ?" ಎಂದು ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪವಿತ್ರ ಗ್ರಂಥದಲ್ಲಿದೆ. ನಾಲ್ಕೈದು ಸಾಲನ್ನು ಗಟ್ಟಿಯಾಗಿ ಓದಿ, ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಸೇರಿಸಿ. ಅಳು ಬಂದರೆ ಅಳಿ. ಅದೂ ಪ್ರಾರ್ಥನೆಯೇ. ಬಲವಂತದಿಂದ "ಎಲ್ಲದಕ್ಕೂ ಸ್ತೋತ್ರ" ಎನ್ನಬೇಡಿ. ದುಃಖದಲ್ಲಿರುವವರಿಗೆ ಕೂಟಗಳಲ್ಲಿ ಈ ಮಾತನ್ನು ಹೇರುವುದರಿಂದ ನೋವು ಒಳಗೇ ಹೆಪ್ಪುಗಟ್ಟುತ್ತದೆ. 104ನೇ ಕೀರ್ತನೆಯಲ್ಲಿ ಬುಗ್ಗೆ, ಹಕ್ಕಿ, ಬೆಟ್ಟದ ಆಡು ಎಲ್ಲ ಬರುತ್ತವೆ. ಅದು ಕೆಲವು ವಾರ ಕಳೆದ ಮೇಲೆ ಇರಲಿ.

ಈ ಕ್ರಮವನ್ನು ನಾನು ಪ್ರವಾದಿ ಎಲೀಯನ ಕತೆಯಿಂದ ತೆಗೆದುಕೊಂಡಿದ್ದೇನೆ. ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯದಲ್ಲಿ ಅವನು ಅಡವಿಯ ಗಿಡವೊಂದರ ಕೆಳಗೆ ಕೂತು ಸಾವನ್ನೇ ಬೇಡುತ್ತಾನೆ. ದೇವದೂತ ಬುದ್ಧಿ ಹೇಳುವುದಿಲ್ಲ. ನಿದ್ದೆ ಮಾಡಲು ಬಿಡುತ್ತಾನೆ, ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ, ಅದೂ ಎರಡು ಸಲ. ಆಮೇಲೆ ನಲವತ್ತು ದಿನದ ನಡಿಗೆ. ದೇವರೊಡನೆ ಮಾತು ಹೋರೇಬ್ ಬೆಟ್ಟದಲ್ಲಿ, ಎಲ್ಲದರ ಕೊನೆಗೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ, ನಿದ್ದೆಗೆಟ್ಟ ಬೆಳಗಿನಲ್ಲಿ ತೋಟಕ್ಕೆ ಹೋಗಿ ಸಮಾಧಾನ ಸಿಗಲಿಲ್ಲವೆಂದು ನಿಮ್ಮ ವಿಶ್ವಾಸವನ್ನೇ ಅಳೆಯಬೇಡಿ. ಮೊದಲು ಊಟ, ನಿದ್ದೆ.

ಇನ್ನೊಂದು ಮಾತು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಅರಳಿದಾಗ ಆ ಪರಿಮಳಕ್ಕೇ ದುಃಖ ಮರುಕಳಿಸಬಹುದು. ವಾಸನೆ ಹಳೆಯ ನೆನಪನ್ನು ನೇರವಾಗಿ ಎಬ್ಬಿಸುತ್ತದೆ. ಮಳೆ ಬಿದ್ದ ದಿನವೇ ತಂಗಿಯನ್ನೋ ಗೆಳತಿಯನ್ನೋ ಆ ದಿನಗಳಿಗೆ ಬರಹೇಳಿಬಿಡಿ. ಭಾನುವಾರದ ಬಲಿಪೂಜೆಯನ್ನೂ ತಪ್ಪಿಸಬೇಡಿ. ತೋಟದಲ್ಲಿ ಸಿಗುವುದು ಮೌನ, ಕೈ ಹಿಡಿಯುವ ಮನುಷ್ಯರು ಸಿಗುವುದು ದೇವಾಲಯದಲ್ಲಿ.

ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಸೇರದೆ ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕು ಬೇಡ ಎನಿಸಿದರೆ ಎರಡು ವಾರ ಕಾಯದೆ ಅಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತೋಟಕ್ಕೆ ಹೊಡೆಯುವ ಔಷಧಿಯ ಕೋಣೆಗೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ಚಿಕಿತ್ಸೆ ಪಡೆಯುವುದು ವಿಶ್ವಾಸದ ಕೊರತೆಯಲ್ಲ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಣೆ, ಕೆಸರು, ಒಣ ಕೊಂಬೆ ಬೀಳುವ ಭಯದ ನಡುವೆ ಮರದಡಿ ಕೂರುವುದು ಬೇಡ. ಜಗಲಿಯಲ್ಲಿ ಕುರ್ಚಿಯನ್ನು ಮರ ಕಾಣುವ ಕಡೆಗೆ ತಿರುಗಿಸಿದರೆ ಸಾಕು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಇಟ್ಟಿಗೆ ಗೋಡೆಯ ಬದಲು ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು ಎಂದು ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲೇ ತೋರಿಸಿದ್ದರು. ಕಿವಿಗೊಡುವ ಅಭ್ಯಾಸಕ್ಕೆ ಹೆಂಚಿನ ಮೇಲಿನ ಮಳೆ ಒಳ್ಳೆಯದು. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮನೆಗಳಲ್ಲಿ ಅದೇ ಸದ್ದು ಎದೆ ನಡುಗಿಸುತ್ತದೆ. ನಿಮಗೂ ಹಾಗಾಗುವುದಾದರೆ ಬಾಗಿಲು ಹಾಕಿ ಒಳಗಿರಿ, ಕುಂಡದಲ್ಲಿ ಒಂದು ಗಿಡವಿಟ್ಟು ನೀರು ಹಾಕಿ. ಅಕ್ಟೋಬರ್‌ನಲ್ಲಿ ದಾರಿ ಒಣಗಿದ ಮೇಲೆ ಮತ್ತೆ ಹೊರಗೆ ಹೋಗಬಹುದು.