ಸಂಪಾದಕರ ಉತ್ತರ: ಕೈಬೀಸಿನ ಲೆಕ್ಕ

"ಕಳೆದ ಸಂಚಿಕೆಯ ಪ್ಯಾರಾ ಈಜಿನ (ಅಂಗವಿಕಲರ ಸ್ಪರ್ಧಾ ಈಜಿನ) ಲೇಖನದಲ್ಲಿ ಕೈಬೀಸು, ಸೆಕೆಂಡು, ವರ್ಗೀಕರಣ ಎಂದು ಲೆಕ್ಕಪತ್ರ ಒಪ್ಪಿಸಿದ್ದೀರಿ. ಆ ಮಕ್ಕಳ ಛಲದ ಕಥೆ ಎಲ್ಲಿ? ಮೊಣಕೈಯಿಂದ ಕೆಳಗೆ ಎಡಗೈ ಇಲ್ಲದ ಹುಡುಗಿಯೊಬ್ಬಳಿಗೆ ನಾನೇ ಈಜು ಕಲಿಸುತ್ತಿದ್ದೇನೆ. ‘ಆತುರ ಬೇಡ, ಒಂದೊಂದು ಎಳೆತವನ್ನೂ ಉದ್ದ ಮಾಡು’ ಎಂದಷ್ಟೇ ಹೇಳುತ್ತೇನೆ. ಮಿಕ್ಕಿದ್ದು ಅವಳ ಮನೋಬಲ. ಮನಸ್ಸಿದ್ದರೆ ಮಾರ್ಗವಲ್ಲವೇ?"
– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಮೇಷ್ಟ್ರೇ, ನಿವೃತ್ತಿಯ ನಂತರವೂ ಬೆಳಗಿನ ನಿದ್ದೆ ಬಿಟ್ಟು ಒಂದು ಮಗುವನ್ನು ನೀರಿಗಿಳಿಸುತ್ತಿದ್ದೀರಲ್ಲ, ಮೊದಲು ಅದಕ್ಕೆ ಕೈಮುಗಿಯುತ್ತೇನೆ. ಛಲ ಬೇಕು, ಒಪ್ಪಿದೆ. ಮಾಗಿಯ ಚಳಿಯಲ್ಲಿ ಐದು ಗಂಟೆಗೆ ಕೊಳಕ್ಕೆ ಇಳಿಯಲು ಯಾರಿಗಾದರೂ ಛಲ ಬೇಕು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಎಳೆತವನ್ನು ಉದ್ದ ಮಾಡು" ಎಂಬ ಮಾತು. ಆ ಹುಡುಗಿ ಹಿಂದೆ ಬಿದ್ದರೆ ದೂರಬೇಕಾದದ್ದು ಅವಳ ಮನೋಬಲವನ್ನಲ್ಲ, ಈ ಸಲಹೆಯನ್ನು.

ಈಜಿನ ವೇಗ ಎರಡು ಸಂಖ್ಯೆಗಳ ಗುಣಾಕಾರ: ಒಂದು ಸುತ್ತು ಕೈ ಬೀಸಿದರೆ ಎಷ್ಟು ದೂರ, ನಿಮಿಷಕ್ಕೆ ಎಷ್ಟು ಸುತ್ತು. ಒಂದು ಸುತ್ತಿಗೆ 1.6 ಮೀಟರ್ ಸಾಗುತ್ತಾ ನಿಮಿಷಕ್ಕೆ 55 ಸುತ್ತು ಹಾಕುವವಳು 88 ಮೀಟರ್ ಹೋಗುತ್ತಾಳೆ. ನಿಮ್ಮ ಮಾತು ಕೇಳಿ ದೂರವನ್ನು 1.7ಕ್ಕೆ ಏರಿಸಿಕೊಂಡು ಸುತ್ತನ್ನು 48ಕ್ಕೆ ಇಳಿಸಿದರೆ 82 ಮೀಟರ್ ಕೂಡ ದಾಟುವುದಿಲ್ಲ. ಎರಡೂ ಅಂಗೈ ಇರುವವರಿಗೆ ನೀರನ್ನು ಹಿಡಿದು ಉದ್ದಕ್ಕೆ ಎಳೆಯುವ ದಾರಿ ಇದೆ. ಮೊಂಡುತೋಳಿನ ಕಡೆಯಲ್ಲಿ ಆ ದಾರಿ ಕಿರಿದು. ಅಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಗಾಡಿಯ ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕ ಚಕ್ರ ಹೆಚ್ಚು ಸುತ್ತು ತಿರುಗಲೇಬೇಕು. ಗಿಡ್ಡ ತೋಳೂ ಹಾಗೆಯೇ. ದೇಹ ಮುಂದೆ ಸಾಗುವ ವೇಗಕ್ಕಿಂತ ತೋಳಿನ ತುದಿ ಹಿಂದಕ್ಕೆ ಬೇಗ ಚಲಿಸಿದರೆ ಮಾತ್ರ ಅದು ನೀರನ್ನು ತಳ್ಳುತ್ತದೆ. ನಿಧಾನವಾಗಿ ತಿರುಗಿದರೆ ತಳ್ಳುವುದು ಹಾಗಿರಲಿ, ದೇಹಕ್ಕೇ ಅಡ್ಡವಾಗಿ ನಿಲ್ಲುತ್ತದೆ.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ಕಾನರ್ ಆಸ್ಬರೊ, ಕಾರ್ಲ್ ಪೇಟನ್ ಮತ್ತು ಡೇನಿಯಲ್ ಡೇಲಿ ಎಂಬ ಸಂಶೋಧಕರು ಒಂದು ಕೈ ಮೊಣಕೈವರೆಗೆ ಮಾತ್ರ ಇರುವ ಸ್ಪರ್ಧಾ ಈಜುಗಾರರನ್ನು ಅಳೆದು ನೋಡಿ 2009ರಲ್ಲಿ ಬರೆದದ್ದೂ ಇದನ್ನೇ: ಅವರಲ್ಲಿ ಯಾರು ವೇಗಿಗಳು ಎಂಬುದು ಕೈಬೀಸಿನ ಉದ್ದಕ್ಕಿಂತ ಕೈಬೀಸಿನ ಗತಿಯೊಂದಿಗೆ ಹೊಂದಿಕೊಳ್ಳುತ್ತದೆ.

ಓದಿದ್ದಕ್ಕಿಂತ ನೋಡಿದ್ದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಹಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕೊಳದ ಅಂಚಿನಲ್ಲಿ ಕುಳಿತು, ನಿಮ್ಮ ಶಿಷ್ಯೆಯಂತೆಯೇ ಒಂದು ಮುಂಗೈ ಇಲ್ಲದ ಹುಡುಗನನ್ನು ನೋಡುತ್ತಿದ್ದೆ. ಇಡೀ ಕೈ ಮುಂದೆ ಚಾಚಿಕೊಂಡು ಕಾಯುತ್ತಿತ್ತು, ಗಿಡ್ಡ ಕೈ ತನ್ನ ಸುತ್ತು ಮುಗಿಸುತ್ತಿತ್ತು, ಆ ಕ್ಷಣಕ್ಕೆ ಅವನ ಹಣೆಯ ಮುಂದಿನ ಪುಟ್ಟ ಅಲೆ ಕುಸಿದು ಚಪ್ಪಟೆಯಾಗುತ್ತಿತ್ತು, ಅಂದರೆ ವೇಗ ಕುಗ್ಗುತ್ತಿತ್ತು. ಪ್ರತಿ ಸುತ್ತಿಗೂ ಹೀಗೆ. ತರಬೇತುದಾರ ಕಿಕ್‌ಬೋರ್ಡ್ (ತೇಲುಹಲಗೆ) ಎತ್ತಿಕೊಂಡು ಅದರ ಮೇಲೆ ಅಂಗೈಯಿಂದ ತಾಳ ಹಾಕತೊಡಗಿದರು, ಮೊದಲು ಹುಡುಗನ ಗತಿಯಲ್ಲೇ, ಆಮೇಲೆ ಕೊಂಚ ಕೊಂಚವೇ ಚುರುಕಾಗಿ. ಕೊಳದ ನಾಲ್ಕನೆಯ ಉದ್ದಕ್ಕೆ ಬರುವಷ್ಟರಲ್ಲಿ ಆ ಅಲೆ ಕುಸಿಯುವುದು ನಿಂತಿತ್ತು. ಹುಡುಗನ ಛಲ ಹತ್ತು ನಿಮಿಷದಲ್ಲಿ ಹೆಚ್ಚಲಿಲ್ಲ ಮೇಷ್ಟ್ರೇ, ಅವನ ಕೈಗಳ ಹೊಂದಾಣಿಕೆ ಬದಲಾಯಿತು.

ಎರಡೂ ತೋಳಿಲ್ಲದ ಚೀನಾದ ಝೆಂಗ್ ಟಾವೊ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. ಬ್ಯಾಕ್‌ಸ್ಟ್ರೋಕ್ (ಅಂಗಾತ ಈಜು) ಆರಂಭದಲ್ಲಿ ಕೈಯಿಂದ ಹಿಡಿಕೆ ಹಿಡಿಯುವ ಬದಲು ಹಲ್ಲಿನಲ್ಲಿ ಟವೆಲ್ ಕಚ್ಚಿಕೊಂಡು ನಿಲ್ಲುತ್ತಾರೆ, ಗೋಡೆ ಮುಟ್ಟುವುದು ತಲೆಯಿಂದ. ಇದನ್ನು ನೋಡಿ "ಅಯ್ಯೋ ಪಾಪ" ಎನ್ನುವವರಿಗೆ ಆ ಕಾಲುಗಳ ಹೊಡೆತ ಕಾಣುವುದೇ ಇಲ್ಲ.

ವರ್ಗೀಕರಣದ ಬಗೆಗೂ ಬೇಸರಪಟ್ಟುಕೊಂಡಿದ್ದೀರಿ. ದೈಹಿಕ ಅಂಗವೈಕಲ್ಯಕ್ಕೆ ಎಸ್-1ರಿಂದ ಎಸ್-10ರವರೆಗೆ ಹತ್ತು ವರ್ಗಗಳು, ಸಂಖ್ಯೆ ಕಡಿಮೆಯಾದಷ್ಟೂ ತೊಡಕು ಹೆಚ್ಚು. ಬ್ರೆಸ್ಟ್‌ಸ್ಟ್ರೋಕ್‌ಗೆ ಎಸ್‌ಬಿ ಎಂಬ ಬೇರೆ ಪಟ್ಟಿ, ಏಕೆಂದರೆ ಕಪ್ಪೆಯಂತೆ ಕಾಲು ಬೀಸುವ ಆ ಈಜಿನಲ್ಲಿ ಕಾಲಿನ ಪಾಲು ದೊಡ್ಡದು. ನಿಮ್ಮ ಹುಡುಗಿ ಯಾವ ವರ್ಗಕ್ಕೆ ಸೇರುತ್ತಾಳೆ ಎಂದು ಪರೀಕ್ಷೆ ಮಾಡಿಸಿದ್ದೀರಾ? ಅದು ಗೊತ್ತಿಲ್ಲದೆ ಅವಳ ಸಮಯ ಒಳ್ಳೆಯದೋ ಸಾಲದೋ ಎಂದು ಹೇಳುವುದಾದರೂ ಹೇಗೆ?

ನನ್ನ ನಿಜವಾದ ಸಂಕಟ ಬೇರೆಯೇ ಇದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದರು. ಯುದ್ಧ, ಗುಂಡು, ಆಸ್ಪತ್ರೆ ಎಲ್ಲರಿಗೂ ಗೊತ್ತು. ಅವರು ಈಜಿದ್ದು 37.33 ಸೆಕೆಂಡಿನಲ್ಲಿ ಎಂದು ಎಷ್ಟು ಜನರಿಗೆ ಗೊತ್ತು? ನಮ್ಮ ಬೆಂಗಳೂರಿನ ಶರತ್ ಗಾಯಕ್‌ವಾಡ್ 2014ರ ಇಂಚಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ತಂದರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ತಂದ ಐದು ಪದಕಗಳ ಜೊತೆ ಅದನ್ನು ಹೋಲಿಸಿದ್ದೇ ಸುದ್ದಿಯಾಯಿತು. ನಾನು ಕತ್ತರಿಸಿ ಇಟ್ಟುಕೊಂಡ ಅಂದಿನ ವರದಿಗಳಲ್ಲಿ ಸಮಯಕ್ಕಾಗಿ ಹುಡುಕಿ ಸೋತಿದ್ದೇನೆ. ಓಟಗಾರನ ಬಗ್ಗೆ ಬರೆಯುವಾಗ ಸೆಕೆಂಡಿನ ನೂರನೆಯ ಭಾಗವನ್ನೂ ಬಿಡದ ನಾವು, ಈ ಈಜುಗಾರರ ಬಗ್ಗೆ ಬರೆಯುವಾಗ ಗಡಿಯಾರವನ್ನೇ ಮನೆಯಲ್ಲಿ ಬಿಟ್ಟು ಹೋಗುತ್ತೇವೆ.

ಸನ್ಮಾನಗಳ ಮಾತೂ ಅಷ್ಟೇ. ಶಾಲು, ಹಾರ, ಹಣ್ಣಿನ ಬುಟ್ಟಿ, "ಇವರನ್ನು ನೋಡಿ ಕಲಿಯಿರಿ" ಎಂಬ ಭಾಷಣ. ಅಂಥದೊಂದು ಸಮಾರಂಭ ನಡೆದ ಕೊಳದಲ್ಲೇ ಬಟ್ಟೆ ಬದಲಿಸುವ ಕೋಣೆಗೆ ಆರು ಮೆಟ್ಟಿಲು, ಗಾಲಿಕುರ್ಚಿಗೆ ಇಳಿಜಾರಿಲ್ಲ. ಪದಕ ಗೆದ್ದ ಹುಡುಗಿಯನ್ನು ಅಪ್ಪ ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ನೋಡಿದೆ. ಮರುದಿನ ಆ ಚಿತ್ರವೇ "ತಂದೆಯ ತ್ಯಾಗ" ಎಂಬ ಶೀರ್ಷಿಕೆಯೊಂದಿಗೆ ಅಚ್ಚಾಯಿತು. ಇಳಿಜಾರಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ತಲೆಮಾರು ನಮ್ಮದು. ಕೈಯ ಕೋನ, ಗತಿ ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ, ನಿಮ್ಮ ಮೇಲೆ ನಾನು ಕೋಪಿಸಿಕೊಂಡಿಲ್ಲ. ಈ ಭಾನುವಾರ ಒಂದು ಕೆಲಸ ಮಾಡಿ. ಹುಡುಗಿಯನ್ನು ಒಮ್ಮೆ ನಿಮ್ಮ ಗತಿಯಲ್ಲಿ 50 ಮೀಟರ್ ಈಜಿಸಿ. ಚೆನ್ನಾಗಿ ವಿಶ್ರಾಂತಿ ಕೊಟ್ಟು ಇನ್ನೊಮ್ಮೆ ಚುರುಕು ಗತಿಯಲ್ಲಿ ಈಜಿಸಿ. ಎರಡು ಸಲವೂ ಕೈಬೀಸು ಎಣಿಸಿ, ಸಮಯ ಬರೆದುಕೊಳ್ಳಿ, ಅವಳ ಹಣೆಯ ಮುಂದಿನ ಅಲೆಯನ್ನು ನೋಡಿ. ಶಾಲೆಯ ಕಾಲದ ಸ್ಟಾಪ್‌ವಾಚ್ ಇನ್ನೂ ನಿಮ್ಮ ಮೇಜಿನಲ್ಲಿ ಇರಬೇಕು. ಮುಂದಿನ ಸಂಚಿಕೆಯ ಕ್ರೀಡಾಪುಟದಲ್ಲಿ ಆ ನಾಲ್ಕು ಸಂಖ್ಯೆಗಳಿಗೆ ಜಾಗ ಕಾದಿರಿಸಿದ್ದೇನೆ.

– ಸಂಪಾದಕ