ಯುದ್ಧದ ಆಸ್ಪತ್ರೆಗಳಲ್ಲಿ ದಣಿದ ಸಿಬ್ಬಂದಿಗೆ ಕ್ರೈಸ್ತ ಮಿಷನ್‌ಗಳು ಪ್ರಾರ್ಥನೆ ಬಿಟ್ಟು ಏನು ಮಾಡುತ್ತವೆ?

ಮುಖ್ಯವಾಗಿ ಎರಡು ಕೆಲಸ: ವಾರ್ಡಿನಿಂದ ಆಚೆ ಬಿಸಿ ಚಹಾ ಕುಡಿದು ಕೂರಲು ಒಂದು ಜಾಗ, ಹೇಳಿಕೊಂಡದ್ದನ್ನು ಯಾರಿಗೂ ದಾಟಿಸದೆ ಕೇಳುವ ಒಬ್ಬ ಮನುಷ್ಯ. ಪ್ರಾರ್ಥನೆ ಬೇಕೆಂದವರಿಗೆ ಮಾತ್ರ.

ನನ್ನ ಪ್ರಕಾರ ಎರಡನೆಯದೇ ದೊಡ್ಡದು. ಗಾಯಾಳುಗಳು ಒಟ್ಟಿಗೆ ಬಂದಾಗ ಮೊದಲು ಯಾರಿಗೆ ಚಿಕಿತ್ಸೆ ಎಂದು ವೈದ್ಯರು, ನರ್ಸ್‌ಗಳು ಆರಿಸಲೇಬೇಕು. ಕಾದವರಲ್ಲಿ ಕೆಲವರು ಸಾಯುತ್ತಾರೆ. ‘ನಾನು ತಪ್ಪು ಮಾಡಿದೆನೇ’ ಎಂಬ ಆ ಕೊರಗು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಇದನ್ನೇ ಈಗ ನೈತಿಕ ಗಾಯ ಎನ್ನುತ್ತಾರೆ. ಮೇಲಧಿಕಾರಿಗೆ ಹೇಳಲು ಭಯ, ಮನೆಯವರಿಗೆ ಹೇಳಿದರೆ ಅವರೂ ಕಂಗಾಲು. ಚಾಪ್ಲಿನ್, ಅಂದರೆ ಆಸ್ಪತ್ರೆಯ ಅಥವಾ ಸೇನೆಯ ಜೊತೆಗಿರುವ ಪಾದ್ರಿ, ಡ್ಯೂಟಿ ಪಟ್ಟಿ ಬರೆಯುವವರಲ್ಲ, ಬಡ್ತಿ ತಡೆಯುವವರೂ ಅಲ್ಲ. ಅದಕ್ಕೇ ಅವರೆದುರು ಬಾಯಿ ಬಿಡಲು ಆಗುತ್ತದೆ. 1949ರ ಮೊದಲನೇ ಜಿನೀವಾ ಒಪ್ಪಂದ ಸೇನೆಯ ವೈದ್ಯರಂತೆ ಪಾದ್ರಿಗಳಿಗೂ ರಕ್ಷಣೆ ಕೊಟ್ಟಿದೆ.

1915ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಪೊಪೆರಿಂಗೆಯಲ್ಲಿ ತೆರೆದ ಟಾಲ್ಬಟ್ ಹೌಸ್ ಎಂಬ ವಿಶ್ರಾಂತಿ ಮನೆ ಇದ್ದದ್ದು ಸೈನಿಕರಿಗೆ. ಪಾದ್ರಿ ಫಿಲಿಪ್ ಕ್ಲೇಟನ್ ಅಲ್ಲಿಟ್ಟ ನಿಯಮವೂ ಇದೇ: ದರ್ಜೆಯನ್ನು ಬಾಗಿಲಾಚೆ ಬಿಟ್ಟು ಬನ್ನಿ.

ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿರುವವರಿಗೂ ಇದು ದೂರದ ಸಂಗತಿಯಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಎಲ್ಲರೂ ಕೂಗುವ ‘ಸಿಸ್ಟರ್’ ಎಂಬ ಮಾತು ರೋಗಿಗಳ ಆರೈಕೆ ಮಾಡುತ್ತಿದ್ದ ಕ್ರೈಸ್ತ ಸನ್ಯಾಸಿನಿಯರಿಂದಲೇ ಬಂದದ್ದು.

ಒಂದು ಎಚ್ಚರ ಮಾತ್ರ ಬೇಕು. ಸುಸ್ತಾದವರಿಗೆ ಧರ್ಮೋಪದೇಶ ಶುರುವಾದರೆ ನಂಬಿಕೆ ಅಲ್ಲೇ ಮುರಿಯುತ್ತದೆ. ಮೂವರ ಕೆಲಸವನ್ನು ಒಬ್ಬರೇ ಮಾಡುತ್ತಿರುವಲ್ಲಿ ಮೊದಲು ಬೇಕಾದದ್ದು ಇನ್ನಿಬ್ಬರು ನರ್ಸ್‌ಗಳು.